ಪೆಟ್ಟಿಗೆಗೆ ಎರಡರ ಮೇಲೆ ಲೆಕ್ಕ ಬಾರದು

ಸೋದರಿಯರೇ, ಈ ಪುಟಗಳಲ್ಲಿ ನಿಮಗೆ ಸಾಮಾನ್ಯವಾಗಿ ಹಲಸಿನ ಹಪ್ಪಳ ಮಾಡುವ ಬಗೆ, ಮಳೆಗಾಲದಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬಾರದಂತೆ ಕಾಯುವ ಬಗೆ, ಇಂಥವೇ ಸಿಗುತ್ತವೆ. ನಾನೂ ಅವನ್ನೇ ಮೊದಲು ಓದುವವಳು. ಇವತ್ತು ಮಾತ್ರ ಹಾರ್ಡ್ ಡಿಸ್ಕಿನ ವಿಷಯ ಬರೆಯಲು ಕೂತಿದ್ದೇನೆ. ಹಾಗಂತ ಪುಟ ತಿರುವಿಬಿಡಬೇಡಿ! ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ, ನಾಲ್ಕು ವರ್ಷ ತವರಲ್ಲಿದ್ದು, ಮದುವೆಯಾಗಿ ಸಾಗರಕ್ಕೆ ಬಂದವಳು ನಾನು. ನನಗೆ ತಿಳಿದದ್ದು ನಿಮಗೆ ತಿಳಿಯದೇ ಇದ್ದೀತೇ?

ನಮ್ಮ ಮನೆಯ ಹಾಲಿನಲ್ಲಿ, ಟಿ.ವಿ.ಯ ಪಕ್ಕದಲ್ಲಿ, ಮಸಾಲೆ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಪೆಟ್ಟಿಗೆ ಇದೆ. 'ನ್ಯಾಸ್' ಅಂತ ಅದರ ಹೆಸರು. ನಾವೆಲ್ಲ ಕರೆಯುವುದು ಪೆಟ್ಟಿಗೆ ಅಂತಲೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮೈದುನ 2011ರ ಕೊನೆಯಲ್ಲಿ ತಂದು ಕೂರಿಸಿದ್ದು. ಮನೆಗೊಂದು ಅಟ್ಟ ಇರುವುದಿಲ್ಲವೇ, ಎಲ್ಲರೂ ಹತ್ತಿ ತಮ್ಮ ತಮ್ಮ ಸಾಮಾನು ಇಡಬಹುದಾದದ್ದು? ಹಾಗೆ ಇದು. ನನ್ನ ಫೋನಿನ ಫೋಟೋ, ಮಗಳ ಪಾಠ, ಇವರ ತೋಟದ ಕಾಗದಪತ್ರ ಎಲ್ಲ ವೈಫೈಯಲ್ಲೇ ಹೋಗಿ ಅದರಲ್ಲಿ ಕೂರುತ್ತವೆ. ಒಳಗೆ ಎರಡು ಡಿಸ್ಕು, ಒಂದೊಂದು 1 ಟಿಬಿ. ಒಂದರಲ್ಲಿ ಏನು ಬರೆಯುತ್ತದೋ ಅದನ್ನೇ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಆಗ ಎರಡೆರಡು ಟಿಬಿಯದನ್ನೇ ಹಾಕಬೇಕು ಅಂತ ಅವನಿಗೆ ಇತ್ತಂತೆ. ಆದರೆ ಆ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ದೊಡ್ಡ ಪ್ರವಾಹ ಬಂದು ಅಲ್ಲಿನ ಕೆಲವು ಡಿಸ್ಕು ಕಾರ್ಖಾನೆಗಳು ಮುಳುಗಿ, ಲೋಕದಲ್ಲೆಲ್ಲ ಡಿಸ್ಕಿನ ಬೆಲೆ ಏರಿಬಿಟ್ಟಿತ್ತು. ಎಲ್ಲಿಯ ಥಾಯ್ಲೆಂಡು, ಎಲ್ಲಿಯ ಸಾಗರ ನೋಡಿ!

ಈ ಪೆಟ್ಟಿಗೆಯಲ್ಲಿ ನನಗೆ ಮುಖ್ಯವಾದದ್ದು ಒಂದೇ. ನಮ್ಮ ಅತ್ತೆಯವರ ಹಾಡು. ಹಸೆಗೆ ಕರೆಯುವುದು, ಆರತಿ ಎತ್ತುವುದು, ಬೀಗರ ಹಾಸ್ಯ, ಹೂವು ಮುಡಿಸುವುದು, ಹೀಗೆ ಅವರಿಗೆ ಬರುತ್ತಿದ್ದ ಹಾಡಿಗೆ ಲೆಕ್ಕವಿರಲಿಲ್ಲ. ಊರಿನ ಯಾವ ಮದುವೆಯಾದರೂ ಅವರಿಗೆ ಮೊದಲ ಕರೆ. 2014ರಲ್ಲಿ ಒಂದು ಬೇಸಿಗೆಯ ಮಧ್ಯಾಹ್ನಗಳಲ್ಲಿ, ಅವರು ಅಡಕೆ ಆರಿಸುತ್ತಾ ಕೂತಿದ್ದಾಗ, ನಾನು ಫೋನು ಎದುರಿಗಿಟ್ಟು 43 ಹಾಡು ತುಂಬಿಸಿಕೊಂಡೆ. ನಡುವೆ ಕಾಗೆ ಕೂಗಿದ್ದು, ಕುಕ್ಕರು ಸೀಟಿ ಹೊಡೆದದ್ದು, "ಹಾಲು ಉಕ್ಕೀತು, ನೋಡೇ" ಅಂತ ನನ್ನನ್ನು ಗದರಿದ್ದು ಎಲ್ಲ ಅದರಲ್ಲಿದೆ. 2021ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ನಿಂತಿತು. ಮಾತು ನಿಂತವರಿಗೂ ಕೆಲವು ಸಲ ಹಾಡು ಬರುತ್ತದೆ, ಕೇಳಿಸುತ್ತಿರಿ ಅಂತ ಡಾಕ್ಟರು ಹೇಳಿದ್ದರು. ಅಂದಿನಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ.ಯಲ್ಲಿ ಪೆಟ್ಟಿಗೆಯಿಂದ ಒಂದೆರಡು ಹಾಡು ಹಾಕುತ್ತೇನೆ. ತಮ್ಮದೇ ಧ್ವನಿ ಕೇಳುತ್ತಾ ಎಡಗೈಯಿಂದ ತೊಡೆ ತಟ್ಟುತ್ತಾರೆ. ಸಾಲು ಮುಗಿಯುವಲ್ಲಿ ತುಟಿ ಆಡುತ್ತದೆ.

2024ರ ಆಷಾಢ. ಪೆಟ್ಟಿಗೆ ತುಂಬಿತು. ನಾದಿನಿಯ ಮಗಳ ಮದುವೆಯ ವಿಡಿಯೋ ಒಂದೇ 180 ಜಿಬಿ ಅಂತೆ! ಕೆಂಪು ದೀಪ ಮಿಣುಕತೊಡಗಿತು. ನಮ್ಮವರಿಗೆ ಕೆಂಪು ದೀಪ ಕಂಡರೆ ತಕ್ಷಣ ಏನಾದರೂ ಮಾಡಲೇಬೇಕು. ಯಾರನ್ನೂ ಕೇಳದೆ ಶಿವಮೊಗ್ಗಕ್ಕೆ ಹೋಗಿ 4 ಟಿಬಿಯ ಎರಡು ಡಿಸ್ಕು ತಂದರು. ಬೆಲೆ ಕೇಳಿ ನನಗೆ ಎದೆ ಧಸಕ್ಕೆಂದಿತು. ಬಂದವರೇ ಪೆಟ್ಟಿಗೆಯಿಂದ ಹಳೆಯದೊಂದನ್ನು ಎಳೆದು, ಆ ಜಾಗದಲ್ಲಿ ಹೊಸದನ್ನು ತುರುಕಿದರು. ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪುಟ ತೆರೆದು ನೋಡಿದರೆ ಹೊಸ ಡಿಸ್ಕಿನ ಎದುರು ಬರೆದಿದೆ: 1.6 ಟಿಬಿ!

"ಮೋಸ! ನಾಲ್ಕು ಅಂತ ದುಡ್ಡು ತಗೊಂಡು ಒಂದೂವರೆ ಕೊಟ್ಟಿದ್ದಾನೆ," ಅಂತ ಹಾರಾಡಿದರು. ಮಾರನೆಯ ದಿನ ಡಿಸ್ಕು ಕಿತ್ತುಕೊಂಡು ಮತ್ತೆ ಶಿವಮೊಗ್ಗ. ಹೋಗುವಾಗ ಮೊದಲು ತೆಗೆದಿದ್ದ ಹಳೆಯ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡಿದ್ದರು. ಅಂಗಡಿಯವನು ಅಳಿಸಿ ಇನ್ನಾರಿಗೋ ಮಾರಿಕೊಳ್ಳುತ್ತಾನೆ, ಇನ್ನೂರು ರೂಪಾಯಿ ಕೊಡ್ತಾನಂತೆ. ನಾನು ಚೀಲದಿಂದ ಅದನ್ನು ತೆಗೆದು, ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ದೊಡ್ಡ ಬುದ್ಧಿವಂತಿಕೆಯಿಂದ ಮಾಡಿದ್ದಲ್ಲ. ಹಾರ್ಲಿಕ್ಸ್ ಬಾಟಲಿ, ರಬ್ಬರ್ ಬ್ಯಾಂಡು, ಮದುವೆಪತ್ರಿಕೆಯ ಕವರು ಯಾವುದನ್ನೂ ಎಸೆಯದ ಚಾಳಿ ನನ್ನದು, ಅಷ್ಟೇ.

ಅಂಗಡಿಯವನು ಪಾಪ, ಜಗಳವಾಡಲಿಲ್ಲ. ಹೊಸ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದನಂತೆ. ಅಲ್ಲಿ 3.63 ಟಿಬಿ. ಇವರು ಮತ್ತಷ್ಟು ಗಲಿಬಿಲಿಗೊಂಡು ಮನೆಗೆ ಬಂದರು. ನಾಲ್ಕು ಅಂತ ಹೆಸರು, ಅಲ್ಲಿ ಮೂರೂವರೆ ಚಿಲ್ಲರೆ, ನಮ್ಮಲ್ಲಿ ಒಂದೂವರೆ ಚಿಲ್ಲರೆ!

ಈ ಎರಡು ಕೊರತೆಗೆ ಎರಡು ಬೇರೆ ಕಾರಣ ಇದೆ ಸೋದರಿಯರೇ. ಮೊದಲನೆಯದು ಅಳತೆಯದು. ಡಿಸ್ಕು ಮಾಡುವವರು ಸಾವಿರವನ್ನು 1000 ಅಂತಲೇ ಎಣಿಸುತ್ತಾರೆ, ಕಂಪ್ಯೂಟರು 1024 ಅಂತ ಎಣಿಸುತ್ತದೆ. ಹಿಂದೆ ಊರಿಗೊಂದು ಸೇರು ಇತ್ತಲ್ಲ, ಒಂದೂರಿನ ನಾಲ್ಕು ಸೇರು ಅಕ್ಕಿ ಇನ್ನೊಂದೂರಿನಲ್ಲಿ ಅಳೆದರೆ ಮೂರೂವರೆ ಆಗುತ್ತಿದ್ದ ಹಾಗೆ. ಅಕ್ಕಿ ಎಲ್ಲೂ ಹೋಗಿಲ್ಲ. ಆದ್ದರಿಂದ 3.63 ಕಂಡರೆ ಅಂಗಡಿಯವನ ಮೇಲೆ ಹರಿಹಾಯಬೇಡಿ.

ಎರಡನೆಯದು ಹಳೆಯ ಪೆಟ್ಟಿಗೆಯ ದೋಷ. ಇದನ್ನು ಮೈದುನ ಫೋನಿನಲ್ಲಿ ಎರಡು ಸಲ ಹೇಳಿದ ಮೇಲೆ ನನಗೆ ತಿಳಿಯಿತು. ಡಿಸ್ಕಿನಲ್ಲಿ 512 ಬೈಟಿನ ಪುಟ್ಟ ಪುಟ್ಟ ಖಾನೆಗಳಿರುತ್ತವೆ, ಒಂದೊಂದಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರು. ಹಳೆಯ ಪದ್ಧತಿಯಲ್ಲಿ ಆ ನಂಬರು ಬರೆಯಲು 32 ಸ್ಥಾನ ಮಾತ್ರ. ಅದರಲ್ಲಿ ಹೆಚ್ಚೆಂದರೆ 429 ಕೋಟಿ ಖಾನೆಗೆ ನಂಬರು ಕೊಡಬಹುದು. ಗುಣಿಸಿದರೆ ಸುಮಾರು 2.2 ಲಕ್ಷ ಕೋಟಿ ಬೈಟು, ಅಂದರೆ 2 ಟಿಬಿ ಚಿಲ್ಲರೆ. ಅದರ ಮೇಲೆ ಏನಾಗುತ್ತದೆ? ನಮ್ಮ ಹಳೇ ಕರೆಂಟು ಮೀಟರು ನೆನಪಿದೆಯೇ, 9999 ಆದ ಮೇಲೆ ಉರುಳಿ ಮತ್ತೆ 0000ಕ್ಕೆ ಬರುತ್ತಿದ್ದದ್ದು? ಹಾಗೆಯೇ. ನಾಲ್ಕು ಲಕ್ಷ ಕೋಟಿ ಎಣಿಸುತ್ತಾ ಹೋಗಿ, 2.2ಕ್ಕೆ ಮೀಟರು ಸೊನ್ನೆಗೆ ಉರುಳಿ, ಉಳಿದ 1.8 ಮಾತ್ರ ಲೆಕ್ಕಕ್ಕೆ ಸಿಕ್ಕಿತು. ಅದನ್ನು ಕಂಪ್ಯೂಟರಿನ ಸೇರಿನಲ್ಲಿ ಅಳೆದರೆ 1.6! ಮೈದುನನಿಗೆ ನಾನು ಮೀಟರಿನ ಉಪಮೆ ಹೇಳಿದಾಗ, "ಅತ್ತಿಗೆ, ನಮ್ಮ ಆಫೀಸಿನಲ್ಲೂ ಹೀಗೇ ಹೇಳ್ತೀನಿ," ಅಂದ. 3 ಟಿಬಿಯ ಡಿಸ್ಕುಗಳು 2010ರಲ್ಲೇ ಮಾರುಕಟ್ಟೆಗೆ ಬಂದಿದ್ದವಂತೆ. ಆದರೆ ಅದಕ್ಕೂ ಮೊದಲು ರೂಪಿಸಿದ ಪೆಟ್ಟಿಗೆಗಳಿಗೆ ಆ ಲೆಕ್ಕ ಕಲಿಸಿರಲಿಲ್ಲ. ಹೊಸ ಲೆಕ್ಕದ ಹೆಸರು ಜಿಪಿಟಿ, ಹಳೆಯದರದು ಎಂಬಿಆರ್. ಹೆಸರು ನೆನಪಿಟ್ಟುಕೊಳ್ಳಿ, ಕೇಳುವಾಗ ಬೇಕಾಗುತ್ತದೆ.

ಮೈದುನನಿಗೆ ಫೋನು ಮಾಡುವ ಮೊದಲೇ ಒಂದು ಅನಾಹುತ ಆಗಿಹೋಗಿತ್ತು. ನಮ್ಮವರು ಅಂಗಡಿಯಿಂದ ಬಂದವರು, "ಇರಲಿ, ಒಂದೂವರೆಯಾದರೂ ಸಿಗಲಿ," ಅಂತ ಆ ಡಿಸ್ಕನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಮಲಗಿದರು. ಪೆಟ್ಟಿಗೆ ತನ್ನ ಪಾಡಿಗೆ ತಾನು ಉಳಿದ ಹಳೆಯ ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಹೊಸದಕ್ಕೆ ಬರೆಯಲು ಶುರುಮಾಡಿತು. ಹನ್ನೆರಡು ವರ್ಷ ದುಡಿದ ಡಿಸ್ಕು ಅದು. ಒಂದೇ ಸಮನೆ ಇಡೀ ರಾತ್ರಿ ಓದಿಸಿದರೆ ಏನಾದೀತು? ಬೆಳಿಗ್ಗೆ ಐದೂವರೆಗೆ ನಾನು ಎದ್ದು ಹಾಲಿಗೆ ಬಂದಾಗ ಗೋಡೆಗಡಿಯಾರ ಎರಡಾದ ಹಾಗೆ ಟಿಕ್, ಟಿಕ್ ಅಂತ ಸದ್ದು. ಪುಟದಲ್ಲಿ 61 ಪರ್ಸೆಂಟಿಗೆ ನಿಂತಿದೆ. ಕೆಂಪು ದೀಪ ಎರಡೂ ಕಡೆ. ಟಿ.ವಿ.ಯಲ್ಲಿ 'ಅತ್ತೆ ಹಾಡು' ಅನ್ನುವ ಫೋಲ್ಡರಿನ ಹೆಸರು ಕಾಣುತ್ತದೆ, ಒತ್ತಿದರೆ ಒಳಗೆ ಏನೂ ಇಲ್ಲ.

ಅವತ್ತು ಸಂಜೆ ದೀಪ ಹಚ್ಚಿ ಅಡುಗೆಮನೆಗೆ ಹೋದೆ. ಅತ್ತೆ ಕುರ್ಚಿಯಲ್ಲಿ ಕೂತು ಟಿ.ವಿ. ಕಡೆ ನೋಡುತ್ತಾ, ಎಡಗೈ ಎತ್ತಿ ನನ್ನತ್ತ ತಿರುಗಿಸಿದರು. ಏನು, ಇವತ್ತಿಲ್ಲವೇ ಅನ್ನುವ ಹಾಗೆ. "ಕರೆಂಟು ಇಲ್ಲ ಅತ್ತೆ," ಅಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಫ್ಯಾನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಮಾತಿಲ್ಲ ನಿಜ, ತಿಳಿವಳಿಕೆಗೇನೂ ಕಡಿಮೆಯಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಫೋನು ಮಾಡಿದ್ದು ಆಮೇಲೆ. ಬೀರುವಿನಲ್ಲಿ ಹಳೆಯದೊಂದು ಡಿಸ್ಕು ಇದೆ ಅಂದ ತಕ್ಷಣ ಮೈದುನನ ಧ್ವನಿಯೇ ಬದಲಾಯಿತು. "ಅದನ್ನೇ ಮತ್ತೆ ಪೆಟ್ಟಿಗೆಗೆ ಹಾಕ್ತೀನಿ," ಅಂದೆ. "ಅತ್ತಿಗೆ, ಬೇಡ! ಮುಟ್ಟಬೇಡಿ!" ಅಂತ ಕೂಗಿದ. ಯಾಕೆಂದರೆ ಪೆಟ್ಟಿಗೆಗೆ ಈಗ ಅದು ಹೊರಗಿನವನ ಹಾಗೆ. 'ಯಾರೋ ಹೊಸಬ ಬಂದ' ಅಂತ ತಿಳಿದು, ಅದರಲ್ಲಿದ್ದದ್ದನ್ನೆಲ್ಲ ಒರೆಸಿ, ಸಾಯುತ್ತಿರುವ ಡಿಸ್ಕಿನಿಂದ ಅದಕ್ಕೆ ತುಂಬಲು ಹೊರಟರೂ ಹೊರಟೀತು. ಎಂಥ ಕುತ್ತು ತಪ್ಪಿತು ನೋಡಿ. ಕಿತ್ತ ಡಿಸ್ಕನ್ನು ಹಾಗೆ ವಾಪಸು ಹಾಕುವುದು ಯಾರಿಗಾದರೂ ತೋಚುವ ಸಹಜವಾದ ಉಪಾಯ. ಅದೇ ಅಪಾಯ.

ಹಾಗಾದರೆ ಏನು ಮಾಡುವುದು? ಪಕ್ಕದ ಮನೆಯ ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾನೆ. ಅವನ ಲ್ಯಾಪ್‌ಟಾಪು ತರಿಸಿದೆವು. ಈ ಪೆಟ್ಟಿಗೆಯ ಡಿಸ್ಕು ವಿಂಡೋಸಿಗೆ ಅರ್ಥವಾಗುವುದಿಲ್ಲ, 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿಬಿಡಬಹುದು. ಮಾಡು ಅಂದಿರೋ, ಮುಗಿಯಿತು. ಅದಕ್ಕೇ ಉಬುಂಟು ಅನ್ನುವ ಪುಕ್ಕಟೆ ಸಿಗುವ ಬೇರೆ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಲ್ಯಾಪ್‌ಟಾಪು ಶುರು ಮಾಡಿ, 'ಓದುವುದಕ್ಕೆ ಮಾತ್ರ' ಅನ್ನುವ ರೀತಿಯಲ್ಲಿ ಡಿಸ್ಕು ತೆರೆಯಬೇಕು. ಸಿಕ್ಕಿಸುವುದಕ್ಕೆ ಒಂದು ವೈರಿನ ಅಡಾಪ್ಟರು ಬೇಕು, ಅದಕ್ಕೆ ಗೋಡೆಯಿಂದ ಬೇರೆ ಕರೆಂಟು ಕೊಡುವಂಥದ್ದೇ ಆಗಬೇಕು. ಲ್ಯಾಪ್‌ಟಾಪಿನ ಕರೆಂಟಿಗೆ ಇಷ್ಟು ದೊಡ್ಡ ಡಿಸ್ಕು ತಿರುಗುವುದಿಲ್ಲ. (ಹಳೆಯ ಅಡಾಪ್ಟರುಗಳಲ್ಲಿ ಕೆಲವಕ್ಕೂ ಇದೇ ಎರಡು ಟಿಬಿಯ ಕುರುಡು ಇದೆ. ನಮ್ಮದು 1 ಟಿಬಿ ಆದದ್ದರಿಂದ ತೊಂದರೆಯಾಗಲಿಲ್ಲ.) ಕಾಪಿ ಮಾಡಿ ಇಟ್ಟುಕೊಳ್ಳಲು ಮೈದುನ 2 ಟಿಬಿಯ ಒಂದು ಹೊರ ಡಿಸ್ಕನ್ನು ರಾತ್ರಿ ಬಸ್ಸಿನಲ್ಲಿ ಕಳಿಸಿದ.

ಸೀರೆ ತುಂಡು ಬಿಚ್ಚಿ ಡಿಸ್ಕು ಸಿಕ್ಕಿಸಿದಾಗ ಹುಡುಗನ ಕೈಗಿಂತ ನನ್ನ ಕೈಯೇ ಹೆಚ್ಚು ನಡುಗುತ್ತಿತ್ತು. ಸುಯ್ ಅಂತ ತಿರುಗಿತು. ಟಿಕ್ ಸದ್ದಿಲ್ಲ. ಫೋಲ್ಡರುಗಳು ಒಂದೊಂದಾಗಿ ಕಂಡವು. "ಆಂಟಿ, ಯಾವುದನ್ನು ಮೊದಲು ಕಾಪಿ ಮಾಡ್ಲಿ?" ಅಂದ. ಮದುವೆ ವಿಡಿಯೋ ಇರುವ ಜಾಗದಲ್ಲೇ ಇರಲಿ, ಹಾಡು ಮೊದಲು ಅಂದೆ. ಎರಡು ನಿಮಿಷವೂ ಹಿಡಿಯಲಿಲ್ಲ, 43 ಹಾಡೂ ಬಂದವು! ಮೂರು ವರ್ಷ ಮಿಣುಕುವ ದೀಪ ನೋಡುತ್ತಾ ಧೈರ್ಯವಾಗಿದ್ದೆವಲ್ಲ, ಎರಡು ನಿಮಿಷದ ಕೆಲಸ ಇಷ್ಟು ದಿನ ಮಾಡಿರಲಿಲ್ಲ. ಎರಡು ಡಿಸ್ಕಿನಲ್ಲಿ ಇದೆಯಲ್ಲ ಅಂತ ನಂಬಿದ್ದೆವು. ಒಂದೇ ಸೌಟಿನಿಂದ ಎರಡು ಪಾತ್ರೆಗೆ ಬಡಿಸಿದ ಹುಳಿ ಅದು. ಉಪ್ಪು ಹೆಚ್ಚಾದರೆ ಎರಡರಲ್ಲೂ ಹೆಚ್ಚು. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಪೆಟ್ಟಿಗೆಗೆ ಸಿಡಿಲು ಹೊಡೆದರೆ ಎರಡೂ ಹೋಗುತ್ತವೆ. ಬೇರೆ ಕಡೆ ಇಟ್ಟ ಕಾಪಿ ಬೇರೆಯೇ. ಉಳಿದದ್ದು ರಾತ್ರಿ ಹತ್ತರವರೆಗೆ ಕಾಪಿಯಾಯಿತು.

ಇನ್ನು ಪೆಟ್ಟಿಗೆಗೆ ಹೊಸ ಲೆಕ್ಕ ಕಲಿಸುವುದು. ಹಳೆಯ ಪೆಟ್ಟಿಗೆಗಳಿಗೆಲ್ಲ ಇದು ಆಗುವುದಿಲ್ಲ. ಕೆಲವಕ್ಕೆ ಮಾತ್ರ ತಯಾರಕರು ಆಮೇಲೆ ಹೊಸ ಫರ್ಮ್‌ವೇರ್ ಬಿಟ್ಟಿರುತ್ತಾರೆ. ನಮ್ಮ ಪುಣ್ಯ, ನಮ್ಮದಕ್ಕೆ 2016ರಲ್ಲಿ ಬಿಟ್ಟಿದ್ದರು. ಪೆಟ್ಟಿಗೆಯ ಮಾಡೆಲ್ ನಂಬರು ನೋಡಿ, ಎಷ್ಟು ಟಿಬಿಯವರೆಗೆ ಆಗುತ್ತದೆ ಅನ್ನುವ ಪಟ್ಟಿ ಓದಿ, ಆಮೇಲೆ ದುಡ್ಡು ಬಿಚ್ಚಬೇಕು. ನಮ್ಮವರು ಮಾಡಿದ್ದು ಇದರ ಉಲ್ಟಾ.

ಫರ್ಮ್‌ವೇರ್ ಬದಲಾಗುವ ಆ ಏಳೆಂಟು ನಿಮಿಷ ಕರೆಂಟು ಹೋದರೆ ಪೆಟ್ಟಿಗೆಯೇ ಸತ್ತುಹೋಗಬಹುದು ಅಂದ ಮೈದುನ. ಸಾಗರದಲ್ಲಿ, ಆಷಾಢದಲ್ಲಿ, ಕರೆಂಟಿನ ಭರವಸೆ! ಇನ್ವರ್ಟರಿನ ಪ್ಲಗ್ಗಿಗೆ ಪೆಟ್ಟಿಗೆ ಸಿಕ್ಕಿಸಿದೆ. ಸಾಲದು ಅಂತ ಲೈನ್‌ಮನ್‌ಗೂ ಫೋನು ಮಾಡಿ, ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತೆಗೀತೀರಾ ಅಂತ ಕೇಳಿದೆ. "ಏನಮ್ಮಾ, ಮನೇಲಿ ಕಾರ್ಯನಾ? ರುಬ್ಬೋದಿದ್ಯಾ?" ಅಂದ. ಹೂಂ ಅಂದೆ. ಅವನಿಗೆ ಯಾರು ಫರ್ಮ್‌ವೇರಿನ ಪುರಾಣ ಹೇಳುವುದು? ವೈಫೈ ಬೇಡ, ವೈರಿನಲ್ಲೇ ಮಾಡಿ ಅಂತ ಮೈದುನ ಹೇಳಿದ್ದರಿಂದ ವೈರು ಎಳೆದು, ಅವನು ಹೇಳಿದ ಹಾಗೆ ನಾನೇ ಒಂದೊಂದು ಗುಂಡಿ ಒತ್ತಿದೆ. ನಮ್ಮವರು ಆ ಹೊತ್ತಿಗೆ ತೋಟಕ್ಕೆ ಹೋಗಿದ್ದರು. ಒಳ್ಳೆಯದೇ ಆಯಿತು.

ಆಮೇಲೆ ಎರಡೂ ಹೊಸ ಡಿಸ್ಕುಗಳನ್ನೇ ಹಾಕಿ ಪೂರಾ ಹೊಸದಾಗಿ ಶುರು ಮಾಡಬೇಕು. ಹಳೆಯದರ ಮೇಲೆ ಹೊಸದನ್ನು ಬೆಳೆಸಲು ಹೋದರೆ ಹಳೆಯ ಎಂಬಿಆರ್ ಲೆಕ್ಕವೇ ಮುಂದುವರಿದು ಎರಡು ಟಿಬಿಗೆ ನಿಂತುಬಿಡುತ್ತದೆ. ಹೊಸದಾಗಿ ಶುರುಮಾಡಿ, ಪುಟ ತೆರೆದೆ. 3.63! ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೆ ಅಪ್ಪಿಕೊಳ್ಳುತ್ತಿದ್ದೆ. ಎರಡು ಡಿಸ್ಕು ಹೊಂದಿಕೊಳ್ಳಲು ಒಂದೂವರೆ ದಿನ, ಹಾಡು ಫೋಟೋ ಎಲ್ಲ ವಾಪಸು ತುಂಬಲು ಹದಿಮೂರು ಗಂಟೆ. ಹಳೆಯ ಪೆಟ್ಟಿಗೆ, ಮುದಿ ಎತ್ತಿನ ನಡಿಗೆ. ಅವಸರ ಮಾಡುವ ಹಾಗಿಲ್ಲ.

ಡಿಸ್ಕು ಕೊಳ್ಳುವಾಗ ಇನ್ನೊಂದು ಮಾತು ಕೇಳಿ. 'ಸಿಎಂಆರ್' ಇದೆಯೇ ಅಂತ ಕೇಳಬೇಕು. 'ಎಸ್‌ಎಂಆರ್' ಅನ್ನುವ ಇನ್ನೊಂದು ಬಗೆ ಇದೆ, ಅದರಲ್ಲಿ ಬರಹದ ಸಾಲುಗಳನ್ನು ನಮ್ಮ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹೊದಿಸಿರುತ್ತಾರೆ. ಜಾಗ ಉಳಿಯುತ್ತದೆ ನಿಜ. ಆದರೆ ಒಂದು ಹೆಂಚು ಬದಲಿಸಬೇಕಾದರೆ ಪಕ್ಕದ ಸಾಲನ್ನೂ ಎತ್ತಬೇಕಲ್ಲ, ಹಾಗೆ ಬರೆಯುವಾಗ ತೀರಾ ನಿಧಾನ. ಪೆಟ್ಟಿಗೆಗೆ ಕಾದು ಕಾದು ಬೇಸತ್ತು 'ಈ ಡಿಸ್ಕು ಕೆಟ್ಟಿದೆ' ಅಂತ ಕೈಬಿಡುವುದೂ ಉಂಟು. ಪೆಟ್ಟಿಗೆಗೆಂದೇ ಮಾರುವ ಡಿಸ್ಕುಗಳಲ್ಲೂ ಕೆಲವು ಹೀಗಿದ್ದು, ಮೇಲೆ ಬರೆದಿರಲಿಲ್ಲ ಅಂತ 2020ರಲ್ಲಿ ದೊಡ್ಡ ಗಲಾಟೆಯಾಗಿತ್ತಂತೆ. ನಮ್ಮವರು ತಂದದ್ದು ಅದೃಷ್ಟಕ್ಕೆ ಸಿಎಂಆರ್.

ಇನ್ನೂ ದೊಡ್ಡದು, 8 ಟಿಬಿ, 10 ಟಿಬಿ ಹಾಕುವ ಆಸೆಯಿದ್ದರೆ ಬೇರೆ ತಕರಾರುಗಳಿವೆ. ಅಂಥವುಗಳಲ್ಲಿ ಹೊಟ್ಟೆಯ ನಡುವಿನ ಸ್ಕ್ರೂ ತೂತು ಹಳೆಯ ಜಾಗದಲ್ಲಿ ಇರುವುದಿಲ್ಲ, ಹಳೆಯ ತಟ್ಟೆಗೆ ಎರಡೇ ಸ್ಕ್ರೂ ಕೂರುತ್ತದೆ. ಕೆಲವಂತೂ ತಿರುಗುವುದೇ ಇಲ್ಲ. ಕರೆಂಟಿನ ಮೂರನೆಯ ಪಿನ್ನಿಗೆ ಹಳೆಯ ಪೆಟ್ಟಿಗೆ ಕರೆಂಟು ಕೊಟ್ಟರೆ, ಹೊಸ ಪದ್ಧತಿಯಲ್ಲಿ ಅದಕ್ಕೆ 'ನಿಲ್ಲು' ಅಂತ ಅರ್ಥವಂತೆ! ಆ ಪಿನ್ನಿಗೆ ಕ್ಯಾಪ್ಟಾನ್ ಟೇಪಿನ ಸಣ್ಣ ಚೂರು ಅಂಟಿಸಿ ಮುಚ್ಚಿದರೆ ತಿರುಗುತ್ತದೆ. ಇದು ನಾನು ಮಾಡಿದ್ದಲ್ಲ, ಮೈದುನ ಮಾಡಿದ್ದು.

ಎಲ್ಲ ಮುಗಿಯಿತು ಅಂದುಕೊಂಡರೆ ಮಗಳ ಹೊಸ ಲ್ಯಾಪ್‌ಟಾಪಿಗೆ ಪೆಟ್ಟಿಗೆಯೇ ಕಾಣಲಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಪಿಡುಗು ಲೋಕದ ಕಂಪ್ಯೂಟರುಗಳಿಗೆಲ್ಲ ಹಬ್ಬಿದ್ದು 'ಎಸ್‌ಎಂಬಿ 1' ಅನ್ನುವ ಹಳೆಯ ಸಂಪರ್ಕದ ಮೂಲಕ. ಆ ವರ್ಷದ ಕೊನೆಯ ಹೊತ್ತಿಗೆ ಹೊಸ ವಿಂಡೋಸುಗಳಲ್ಲಿ ಅದನ್ನು ಹಾಕಿ ಕೊಡುವುದನ್ನೇ ನಿಲ್ಲಿಸಿದರು. ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ 'ಎಸ್‌ಎಂಬಿ 2' ಅಂತ ಒಂದು ಗುರುತು ಹಾಕುವುದಿತ್ತು. ಹಾಕಿದೆ, ಕಂಡಿತು. ಲ್ಯಾಪ್‌ಟಾಪಿನಲ್ಲಿ ಹಳೆಯದನ್ನು ಮತ್ತೆ ಹಾಕಿಕೊಳ್ಳಲು ಹೋಗಬೇಡಿ.

ಒಂಬತ್ತನೆಯ ದಿನ ಸಂಜೆ ದೀಪ ಹಚ್ಚಿ ಟಿ.ವಿ. ಹಾಕಿದೆ. ಮೊದಲ ಹಾಡು ಬಂದಾಗ ಅತ್ತೆ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಎಡಗೈ ತೊಡೆಯ ಮೇಲೆ ಬಿತ್ತು. ಕುಕ್ಕರಿನ ಸೀಟಿ ಬಂದಾಗ, ಒಂಬತ್ತು ದಿನದ ಕರೆಂಟಿನ ಸುಳ್ಳನ್ನೂ ಸೇರಿಸಿಕೊಂಡು, ನನ್ನ ಕಡೆ ನೋಡಿ ನಕ್ಕರು. ನಾನು ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ.

ರಾತ್ರಿ ನಮ್ಮವರು ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದರು, "ಎಲ್ಲಾ ಸರಿ ಮಾಡಿದ್ವಿ ಮಾರಾಯ, ಈಗ ನಾಲ್ಕು ಟಿಬಿ ತೋರಿಸ್ತಾ ಇದೆ." ಮಾಡಿದ್ವಿ! ಇರಲಿ ಬಿಡಿ, ಡಿಸ್ಕಿನ ದುಡ್ಡು ಅವರದೇ ತಾನೇ.

ಬಸ್ಸಿನಲ್ಲಿ ಬಂದ 2 ಟಿಬಿಯದು ಈಗ ಬೀರುವಿನಲ್ಲಿ, ಅದೇ ಸೀರೆ ತುಂಡಿನಲ್ಲಿದೆ. ಮೇಲೆ ಒಂದು ಚೀಟಿ ಅಂಟಿಸಿ ಕಾಪಿ ಮಾಡಿದ ತಾರೀಖು ಬರೆಯುತ್ತೇನೆ. ಮರೆಯದಿರಲಿ ಅಂತ ಪ್ರತಿ ಅಮಾವಾಸ್ಯೆಗೆ ಒಂದು ಸಲ ಅಂತ ಗೊತ್ತು ಮಾಡಿಕೊಂಡಿದ್ದೇವೆ, ಒಂದು ತಿಂಗಳು ನನ್ನ ಪಾಳಿ, ಒಂದು ತಿಂಗಳು ಇವರದು. ಕಳೆದ ಅಮಾವಾಸ್ಯೆ ಇವರದಿತ್ತು. ಮರೆತರು. ಪಾಡ್ಯದ ಬೆಳಿಗ್ಗೆ ದೋಸೆ ಹುಯ್ಯುತ್ತಾ ನಾನೇ ಮಾಡಿ ಮುಗಿಸಿದೆ.